ಬಂಡೆತಳದ ಕಡಲಿಗೆ ಎಂಥ ರೀಲು?

ಮೈಸೂರಿನ ಕುವೆಂಪುನಗರದಿಂದ ಕಡಲು ದೂರ. ಮಡಿಕೇರಿಯ ದಾರಿ ಹಿಡಿದು, ಘಟ್ಟವಿಳಿದು ಮಂಗಳೂರನ್ನು ಸೇರಬೇಕಾದರೆ ಸುಮಾರು 250 ಕಿಲೋಮೀಟರು ಪಯಣಿಸಬೇಕು. ಆದರೂ ಗಾಳದ ಹವ್ಯಾಸವುಳ್ಳ ಇಲ್ಲಿಯ ವಿದ್ಯಾರ್ಥಿಗಳು ರಜೆ ಬಂದೊಡನೆ ಸೋಮೇಶ್ವರದ ಬಂಡೆಗಳ ಕಡೆಗೋ ಕಾಪುವಿನ ದೀಪಸ್ತಂಭದ ಕಡೆಗೋ ಹೊರಡುವುದುಂಟು. ಹೊರಡುವ ಮುನ್ನ ಅವರನ್ನು ಕಾಡುವ ಪ್ರಶ್ನೆ ಒಂದೇ: ಮಲ್ಟಿಪ್ಲೈಯರ್ ರೀಲುಗಳಲ್ಲಿ ಯಾವುದನ್ನು ಕೊಳ್ಳಬೇಕು? ಅಂಗಡಿಯವನು ಇದಕ್ಕೆ ಬೆಲೆಯ ಪಟ್ಟಿಯನ್ನು ನೋಡಿ ಉತ್ತರ ಹೇಳುತ್ತಾನೆ. ನಾವು ಯಂತ್ರಶಾಸ್ತ್ರದ ಮೊದಲ ಪಾಠಗಳನ್ನು ನೋಡಿ ಹೇಳಲು ಯತ್ನಿಸೋಣ.

ಗಾಳದ ಇತಿಹಾಸದಲ್ಲಿ ಮೈಸೂರಿಗೆ ಹಿರಿದಾದ ಸ್ಥಾನವೇ ಇದೆ. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಂತ ರೂಪ ಕೊಡುವ ಕಲೆಯಲ್ಲಿ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಮೀನನ್ನು ಗಾಳಕ್ಕೆ ಹಿಡಿದರು. ಕಾವೇರಿ, ಕಬಿನಿಗಳ ಮಡುಗಳಲ್ಲಿಯೂ ತಳವೆಲ್ಲ ಬಂಡೆಯೇ; ದಾರವನ್ನು ಬಂಡೆಗೆ ತೀಡಿ ಕತ್ತರಿಸುವುದು ಮಹಶೀರಿನ ಪ್ರಸಿದ್ಧ ಉಪಾಯ. ಆದರೆ ಕಾವೇರಿ ಜಲಾನಯನದ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. ವಿಚಿತ್ರವೆಂದರೆ, ಬೇಟೆಗಾರರ ಬಾಯಲ್ಲಿ ಬಹುಕಾಲದಿಂದ ಮೆರೆದ ಈ ಮೀನು ಟಾರ್ ರೆಮಾದೇವಿಯೈ ಎಂಬ ಜಾತಿಯದೆಂದು ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ! ಹೊಳೆಯ ಮಾತನ್ನು ಇಲ್ಲಿಗೇ ಬಿಟ್ಟು ಕಡಲಿಗೆ ಹೋಗೋಣ.

ರೀಲೆಂದರೆ ದಾರವನ್ನು ಸುತ್ತಿಡುವ ಉರುಳೆ. ಸಾದಾ ರೀಲಿನಲ್ಲಿ ಹಿಡಿಕೆಯನ್ನು ಒಂದು ಸಲ ತಿರುವಿದರೆ ಉರುಳೆಯೂ ಒಂದೇ ಸುತ್ತು ತಿರುಗುತ್ತದೆ. ಮಲ್ಟಿಪ್ಲೈಯರಿನಲ್ಲಿ ಹಿಡಿಕೆಯ ಅಚ್ಚಿಗೆ ದೊಡ್ಡ ಹಲ್ಲುಗಾಲಿಯೊಂದಿದ್ದು, ಅದು ಉರುಳೆಯ ಅಚ್ಚಿನ ಸಣ್ಣ ಹಲ್ಲುಗಾಲಿಯನ್ನು ಕಚ್ಚಿಕೊಂಡಿರುತ್ತದೆ. ದೊಡ್ಡದಕ್ಕೆ 72 ಹಲ್ಲು, ಸಣ್ಣದಕ್ಕೆ 12 ಹಲ್ಲು ಇದ್ದರೆ ಹಿಡಿಕೆಯ ಒಂದು ಸುತ್ತಿಗೆ ಉರುಳೆ 6 ಸುತ್ತು ತಿರುಗುತ್ತದೆ. ಸುತ್ತುಗಳನ್ನು ಹೀಗೆ ಗುಣಿಸುವುದರಿಂದಲೇ ಈ ಹೆಸರು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಇಂಥ ರೀಲುಗಳನ್ನು ಮಾಡಿ ಹೆಸರಾದ ಜಾರ್ಜ್ ಸ್ನೈಡರ್ ಗಡಿಯಾರದ ಕಸುಬುದಾರ. 1952ರಲ್ಲಿ ಅಂಬಾಸಡರ್ ರೀಲನ್ನು ಹೊರತಂದ ಸ್ವೀಡನ್ನಿನ ಅಬು ಸಂಸ್ಥೆ 1921ರಲ್ಲಿ ಹುಟ್ಟಿದ್ದೂ ಗಡಿಯಾರದ ಕಾರ್ಖಾನೆಯಾಗಿಯೇ. ಇದರಲ್ಲಿ ಆಶ್ಚರ್ಯವಿಲ್ಲ. ಗಡಿಯಾರದ ಸುರುಳಿಯ ಮಂದಗತಿಯನ್ನು ಶೀಘ್ರಗತಿಯಾಗಿ ಮಾರ್ಪಡಿಸುವ ಹಲ್ಲುಗಾಲಿಗಳ ಸಾಲೂ ರೀಲಿನ ಹಲ್ಲುಗಾಲಿಗಳೂ ಒಂದೇ ಕುಲದವು.

ಮರಳ ತಳದ ಕಡಲಿನಲ್ಲಿ ರೀಲಿನ ಯೋಗ್ಯತೆಯನ್ನು ಅಳೆಯುವುದು ಎಸೆತದ ದೂರದಿಂದ. ಬಂಡೆತಳದಲ್ಲಿ ಹಾಗಲ್ಲ, ಅಲ್ಲಿ ಎಸೆತ ಮುಗಿದ ಮೇಲೆಯೇ ರೀಲಿನ ಪರೀಕ್ಷೆ. ತೂಕದ ಗುಂಡು ತಳವನ್ನು ಮುಟ್ಟಿ ಸೀಳುಗಳ ನಡುವೆ ಕೂರುತ್ತದೆ. ಅದನ್ನು ನಿಧಾನವಾಗಿ ಎಳೆದರೆ ತಳದ ಮೇಲೆ ತೆವಳುತ್ತ ಬಂದು ಮುಂದಿನ ಸೀಳಿನಲ್ಲಿ ಸಿಕ್ಕಿಬೀಳುವುದು ಖಂಡಿತ. ಬೇಗ ಎಳೆದರೆ, ಕೋಲಿನ ತುದಿ ನೀರಿನಿಂದ ಎತ್ತರದಲ್ಲಿರುವುದರಿಂದ ಎಳೆತ ಓರೆಯಾಗಿ ಮೇಲ್ಮುಖವಾಗಿದ್ದು, ಗುಂಡು ತಳವನ್ನು ಬಿಟ್ಟು ಮೇಲೇಳುತ್ತದೆ. ಆದುದರಿಂದ ಮೊದಲ ಎರಡು ಮೂರು ಸೆಕೆಂಡುಗಳಲ್ಲಿ ರೀಲು ಎಷ್ಟು ದಾರವನ್ನು ಎಳೆದುಕೊಳ್ಳಬಲ್ಲುದು, ಎಷ್ಟು ಬಲದಿಂದ ಎಳೆಯಬಲ್ಲುದು ಎಂಬ ಎರಡೇ ಪ್ರಶ್ನೆಗಳು ಇಲ್ಲಿ ಮುಖ್ಯ. ತೊಡಕೆಂದರೆ ಇವೆರಡೂ ಒಂದಕ್ಕೊಂದು ಎದುರಾಳಿಗಳು.

ಲೆಕ್ಕ ಹಾಕಿ ನೋಡೋಣ. ದಾರ ತುಂಬಿದ ಉರುಳೆಯ ವ್ಯಾಸ 4 ಸೆಂಟಿಮೀಟರೆಂದು ಇಟ್ಟುಕೊಂಡರೆ ಅದರ ಪರಿಧಿ ಸುಮಾರು 12.6 ಸೆಂಟಿಮೀಟರು. ಹಲ್ಲುಗಳ ಪ್ರಮಾಣ 6:1 ಆದರೆ ಹಿಡಿಕೆಯ ಒಂದು ಸುತ್ತಿಗೆ 75 ಸೆಂಟಿಮೀಟರು ದಾರ ಒಳಬರುತ್ತದೆ. 4:1 ಆದರೆ 50 ಮಾತ್ರ. ಈಗ ಬಲವನ್ನು ನೋಡಿರಿ. ಹಿಡಿಕೆಯ ತೋಳು 6 ಸೆಂಟಿಮೀಟರು ಉದ್ದವಾಗಿದ್ದು ನಾವು ಅದನ್ನು 5 ಕಿಲೋಗ್ರಾಂ ತೂಕದಷ್ಟು ಬಲದಿಂದ ತಿರುವಿದರೆ, ಘರ್ಷಣೆಯನ್ನು ಬಿಟ್ಟು ಹೇಳುವುದಾದರೆ, 6:1ರ ರೀಲು ದಾರವನ್ನು ಎರಡೂವರೆ ಕಿಲೋ ಬಲದಿಂದಲೂ 4:1ರ ರೀಲು ಮೂರೂಮುಕ್ಕಾಲು ಕಿಲೋ ಬಲದಿಂದಲೂ ಎಳೆಯುತ್ತದೆ. ವೇಗದಲ್ಲಿ ಗಳಿಸಿದ್ದನ್ನು ಬಲದಲ್ಲಿ ತೆರಬೇಕು. ಸನ್ನೆಗೋಲಿನ ನಿಯಮಕ್ಕೆ ರಿಯಾಯಿತಿಯಿಲ್ಲ. ಆದರೆ ಇದೇ ಲೆಕ್ಕದಲ್ಲಿ ಪರಿಹಾರವೂ ಅಡಗಿದೆ. 6:1ರ ರೀಲಿಗೆ 9 ಸೆಂಟಿಮೀಟರಿನ ತೋಳನ್ನು ಹಾಕಿದರೆ ಎಳೆತ ಮತ್ತೆ ಮೂರೂಮುಕ್ಕಾಲು ಕಿಲೋಗೆ ಬರುತ್ತದೆ. ಕೈ ದೊಡ್ಡ ವೃತ್ತದಲ್ಲಿ ಸುತ್ತಬೇಕಾಗುತ್ತದೆ, ಅಷ್ಟೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಪ್ರಮಾಣವನ್ನು ಮಾತ್ರ ನೋಡಿ ರೀಲನ್ನು ಕೊಳ್ಳುವವರು ಏಕೆ ಮೋಸಹೋಗುತ್ತಾರೆಂಬುದು ಇದರಿಂದ ತಿಳಿಯುತ್ತದೆ. ಒಂದು ಸುತ್ತಿಗೆ ಎಷ್ಟು ದಾರ, ತೋಳು ಎಷ್ಟು ಉದ್ದ, ಹಿಡಿಯುವ ಗುಬುಟು ಒದ್ದೆ ಕೈಗೆ ಜಾರದಷ್ಟು ದಪ್ಪವೇ ಎಂಬುದನ್ನು ಕೇಳಬೇಕು.

ಇನ್ನೊಂದು ಸೂಕ್ಷ್ಮವಿದೆ. ದಾರ ಹೊರಗೆ ಹೋದಷ್ಟೂ ಉರುಳೆಯ ವ್ಯಾಸ ಕುಗ್ಗುತ್ತದೆ. ನೂರು ಮೀಟರು ದಾರ ಕಡಲಲ್ಲಿರುವಾಗ, ಎಂದರೆ ವೇಗ ಅತ್ಯವಶ್ಯವಾದ ಆ ಮೊದಲ ಕ್ಷಣದಲ್ಲಿಯೇ, ರೀಲು ತನ್ನ ಅತ್ಯಂತ ಮಂದ ಸ್ಥಿತಿಯಲ್ಲಿರುತ್ತದೆ! ಅಗಲವಾದ, ದಾರವನ್ನು ಬೇಕಾದುದಕ್ಕಿಂತ ಹೆಚ್ಚಾಗಿಯೇ ಹಿಡಿಯುವ ಉರುಳೆಯಲ್ಲಿ ಈ ಕುಗ್ಗುವಿಕೆ ಕಡಿಮೆ.

ಬಂಡೆತಳಕ್ಕೆ ತೆಳ್ಳನೆಯ ದಾರ ಸಲ್ಲದು. ಬಂಡೆಗೆ ಕಚ್ಚಿಕೊಂಡ ಚಿಪ್ಪುಗಳ ಅಂಚು ಅದನ್ನು ಕ್ಷಣಮಾತ್ರದಲ್ಲಿ ಕೊಯ್ಯುತ್ತದೆ. ಅರ್ಧ ಮಿಲಿಮೀಟರು ದಪ್ಪದ ನೈಲಾನು ಸಾಮಾನ್ಯವಾಗಿ 13 ಕಿಲೋಗ್ರಾಮಿಗೂ ಮೀರಿದ ಭಾರವನ್ನು ತಡೆಯುತ್ತದೆ, ಸ್ವಲ್ಪ ತೀಡಿದರೂ ಉಳಿದುಕೊಳ್ಳುತ್ತದೆ. ಹೆಣೆದ ಆಧುನಿಕ ದಾರಗಳು ಅದಕ್ಕಿಂತ ಸಣ್ಣವಾಗಿದ್ದು ಹೆಚ್ಚು ಬಲಿಷ್ಠವೇನೋ ಹೌದು, ಆದರೆ ಬಂಡೆಯ ತೀಡಿಕೆಯನ್ನು ತಾಳಲಾರವು. ದಾರದ ವ್ಯಾಸ ಹೆಚ್ಚಿದರೆ ಅದು ತುಂಬುವ ಜಾಗ ವ್ಯಾಸದ ವರ್ಗದಂತೆ ಹೆಚ್ಚುತ್ತದೆ. 0.35 ಮಿಲಿಮೀಟರಿನ ದಾರ 300 ಮೀಟರು ಹಿಡಿಸುವ ಉರುಳೆಯಲ್ಲಿ 0.50 ಮಿಲಿಮೀಟರಿನದು ಸುಮಾರು 147 ಮೀಟರಿಗೆ ತುಂಬಿಹೋಗುತ್ತದೆ. ಸಣ್ಣ ಸುಂದರ ರೀಲುಗಳನ್ನು ನಾವು ಬದಿಗಿಡುವುದು ಇದೇ ಕಾರಣಕ್ಕೆ.

ಇನ್ನು ಎಸೆತ. ಗುಂಡು ಸೆಕೆಂಡಿಗೆ 30 ಮೀಟರು ವೇಗದಿಂದ ಹಾರಿದರೆ ನಮ್ಮ ಉರುಳೆ ಸೆಕೆಂಡಿಗೆ ಸುಮಾರು 240 ಸಲ, ನಿಮಿಷಕ್ಕೆ ಹದಿನಾಲ್ಕು ಸಾವಿರಕ್ಕೂ ಮೀರಿ ತಿರುಗಬೇಕು. ಗಾಳಿಯ ತಡೆಗೆ ಗುಂಡಿನ ವೇಗ ಕುಗ್ಗುತ್ತದೆ. ಉರುಳೆಯಾದರೋ ತನ್ನ ಜಡತ್ವದಿಂದ ತಿರುಗುತ್ತಲೇ ಇರುತ್ತದೆ. ಹೆಚ್ಚಿಗೆ ಬಿಚ್ಚಿಕೊಂಡ ದಾರ ಒಂದರೊಳಗೊಂದು ಹೊಕ್ಕು ಬಿಡಿಸಲಾಗದ ಸಿಕ್ಕಾಗುತ್ತದೆ. ಇದನ್ನು ತಡೆಯಲು ಎರಡು ಬಗೆಯ ಬ್ರೇಕುಗಳಿವೆ. ಮೊದಲನೆಯದರಲ್ಲಿ ಉರುಳೆಯೊಡನೆ ಸುತ್ತುವ ಸಣ್ಣ ತುಂಡುಗಳು ಕೇಂದ್ರಾಪಗಾಮಿ ಬಲದಿಂದ ಹೊರಕ್ಕೆ ಸರಿದು ಒಂದು ಬಳೆಗೆ ಉಜ್ಜುತ್ತವೆ. ಆ ಬಲ ವೇಗದ ವರ್ಗದಂತೆ ಏರುವುದರಿಂದ ಎಸೆತದ ಆರಂಭದಲ್ಲಿ ಗಟ್ಟಿಯಾಗಿ ಹಿಡಿದು ಕೊನೆಯಲ್ಲಿ ಬಿಟ್ಟುಕೊಡುತ್ತವೆ. ಎರಡನೆಯದರಲ್ಲಿ ಆಯಸ್ಕಾಂತಗಳಿರುತ್ತವೆ. ಅಲ್ಯೂಮಿನಿಯಮ್ಮನ್ನು ಆಯಸ್ಕಾಂತ ಸೆಳೆಯದಲ್ಲ ಎಂದು ವಾಚಕರು ಕೇಳಬಹುದು. ಸೆಳೆಯದು ನಿಜ, ಆದರೆ ಕಾಂತಕ್ಷೇತ್ರದಲ್ಲಿ ತಿರುಗುವ ಲೋಹದೊಳಗೆ ಸುಳಿವಿದ್ಯುತ್ತು ಹುಟ್ಟಿ, ಲೆನ್ಜನ ನಿಯಮದಂತೆ, ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ಇದನ್ನು ಹೊರಗಿನ ಗುಂಡಿಯೊಂದರಿಂದಲೇ ಗಾಳಿಗೆ ತಕ್ಕಂತೆ ಹೊಂದಿಸಬಹುದಾದ್ದರಿಂದ ಹೊಸಬರಿಗೆ ನಾವು ಸೂಚಿಸುವುದು ಇದನ್ನೇ. ಬ್ರೇಕನ್ನು ತುಸು ಬಿಗಿಯಾಗಿಯೇ ಇಟ್ಟು ಹತ್ತು ಮೀಟರು ದೂರವನ್ನು ಕಳೆದುಕೊಂಡರೂ ನಷ್ಟವಿಲ್ಲ. ನೀವು ಸಿಕ್ಕು ಬಿಡಿಸುತ್ತ ಕುಳಿತಿರುವಾಗ ಗುಂಡು ಸೀಳನ್ನು ಹುಡುಕಿಕೊಳ್ಳುತ್ತಿರುತ್ತದೆ.

ಮೀನು ಕಚ್ಚಿದ ಮೇಲೆ ಕೆಲಸ ಡ್ರ್ಯಾಗಿನದು. ಒಂದರ ಮೇಲೊಂದು ಜೋಡಿಸಿದ ಬಿಲ್ಲೆಗಳ ಘರ್ಷಣೆಯಿಂದ ಉರುಳೆಯನ್ನು ಹಿಡಿದಿಟ್ಟು, ಎಳೆತ ಮಿತಿಮೀರಿದಾಗ ಮಾತ್ರ ಜಾರಲು ಬಿಡುವ ಏರ್ಪಾಡು ಇದು. ದಾರ ತಡೆಯುವ ಭಾರದ ಮೂರನೆಯ ಒಂದು ಭಾಗಕ್ಕೆ ಇದನ್ನು ಹೊಂದಿಸುವುದು ರೂಢಿ. ಬಂಡೆಯ ಮೀನು ಓಡುವುದು ಬಯಲಿಗಲ್ಲ, ತನ್ನ ಬಿಲಕ್ಕೆ. ಅದಕ್ಕೆ ಎರಡು ಮೀಟರು ದಾರ ಕೊಟ್ಟರೆ ಕೆಲಸ ಮುಗಿಯಿತು. ದಪ್ಪ ದಾರವಿದ್ದರೆ ಆ ಮೂರನೆಯ ಒಂದು ಭಾಗವೇ ನಾಲ್ಕೂವರೆ ಕಿಲೋ ಆಗುವುದರಿಂದ ಮೀನನ್ನು ಅಲ್ಲಿಯೇ ತಡೆಯಬಹುದು. ಇಷ್ಟು ಹೊರೆಯನ್ನು ಹೊರಬೇಕಾದ ರೀಲಿಗೆ ಹಿತ್ತಾಳೆಯ ಅಥವಾ ತುಕ್ಕುಹಿಡಿಯದ ಉಕ್ಕಿನ ಹಲ್ಲುಗಾಲಿಗಳೂ ಬಳುಕದ ಲೋಹದ ಚೌಕಟ್ಟೂ ಇರಬೇಕು. ದಾರವನ್ನು ಆ ಬದಿಯಿಂದ ಈ ಬದಿಗೆ ತಾನಾಗಿ ಹಾಸುವ ಏರ್ಪಾಡು ಬೇಕೇ ಎಂಬಲ್ಲಿ ಅಭಿಪ್ರಾಯಭೇದವುಂಟು. ಉಪ್ಪು ಮರಳುಗಳಿಗೆ ಮೊದಲು ಬಲಿಯಾಗುವ ಭಾಗ ಅದೇ ಆದ್ದರಿಂದ ನಾವು ಹೆಬ್ಬೆರಳನ್ನೇ ನೆಚ್ಚುತ್ತೇವೆ.

ಗುಂಡು ಸಿಕ್ಕಿಬಿದ್ದಾಗ ರೀಲಿನ ಹಿಡಿಕೆಯಿಂದ ಜಗ್ಗಬಾರದು. ಹಿಗ್ಗಿದ ನೈಲಾನು ಉರುಳೆಯ ಮೇಲೆ ಸುತ್ತಿಕೊಂಡು ಕುಗ್ಗತೊಡಗಿದರೆ ಸುತ್ತು ಸುತ್ತಿಗೂ ಒತ್ತಡ ಕೂಡುತ್ತ ಹೋಗಿ, ಪ್ಲಾಸ್ಟಿಕ್ಕಿನ ಉರುಳೆ ಸೀಳಿಯೇ ಹೋಗಬಹುದು. ದಾರವನ್ನು ಒಂದು ಗಟ್ಟಿ ಕೋಲಿಗೆ ಸುತ್ತಿ ನಿಧಾನವಾಗಿ ಹಿಂದಕ್ಕೆ ನಡೆಯುವುದು ಸರಿ. ಹಿಂದೆ ಪಾಚಿಗಟ್ಟಿದ ಬಂಡೆಯಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಒದ್ದೆ ಬಂಡೆಯ ಮೇಲೆ ಒಬ್ಬರೇ ನಿಲ್ಲುವುದೂ ಮಳೆಗಾಲದ ಕಡಲಿಗೆ ಗಾಳ ಹಾಕುವುದೂ ಯಾವ ರೀಲಿನಿಂದಲೂ ಕ್ಷೇಮವಾಗದು.

ಆದರೂ ಕೆಲವು ಗುಂಡುಗಳು ಕಡಲ ಪಾಲಾಗುತ್ತವೆ. ಅದಕ್ಕಾಗಿ ಗುಂಡನ್ನು ಮಾತ್ರ ಮುಖ್ಯ ದಾರಕ್ಕಿಂತ ಅರ್ಧದಷ್ಟು ಬಲದ ಗೇಣುದ್ದ ದಾರದಿಂದ ಕಟ್ಟುವುದು ವಾಡಿಕೆ. ಎಸೆಯುವಾಗಿನ ಸೆಳೆತಕ್ಕೇ ಅದು ಹರಿಯದಂತೆ ಎಸೆತ ಮೃದುವಾಗಿರಬೇಕು. ಸಿಕ್ಕಿದಾಗ ಆ ಗೇಣು ದಾರ ಹರಿದು ಗುಂಡು ಮಾತ್ರ ಉಳಿಯುತ್ತದೆ. ಗಾಳವೂ ಅದಕ್ಕೆ ಕಚ್ಚಿದ ಮೀನೂ ದಡ ಸೇರುತ್ತವೆ, ಬಂಡೆಯ ಸಂದುಗಳಲ್ಲಿ ವರ್ಷಗಟ್ಟಲೆ ಕೊಳೆಯದೆ ಬಿದ್ದಿರುವ ನೈಲಾನಿನ ಕುಣಿಕೆ ಇನ್ನೊಂದು ಜೀವಿಯ ಕೊರಳಿಗೆ ಬೀಳುವುದೂ ತಪ್ಪುತ್ತದೆ. ಆ ಗುಂಡು ವಿಷಕಾರಿಯಾದ ಸೀಸದ್ದೇ ಆಗಬೇಕೆಂದಿಲ್ಲ. ತುಕ್ಕುಹಿಡಿದು ಸವೆದುಹೋಗುವ ಕಬ್ಬಿಣದ ಹಳೆಯ ನಟ್ಟುಗಳು ಸಾಕು, ಅವು ಯಾವ ಗ್ಯಾರೇಜಿನಲ್ಲಾದರೂ ಸಿಗುತ್ತವೆ.