ಸುಗ್ಗಿಯ ತಮಟೆಗೆ ಎರಡು ಮೈಕು

ಯುಗಾದಿ ಕಳೆದು ಕಾಫಿ ಹೂ ಬಾಡುವ ಹೊತ್ತಿಗೆ ಮಲೆನಾಡಿನ ಹೆತ್ತೂರು ಸೀಮೆಯ ಊರುಗಳಲ್ಲಿ ಸುಗ್ಗಿ ಹಬ್ಬದ ಸಡಗರ. ಕುಣಿತಕ್ಕೆ ಮೊದಲು ಬಯಲಿನ ಅಂಚಿನಲ್ಲಿ ಒಂದು ಹಿಡಿ ಹುಲ್ಲು ಹೊತ್ತಿಕೊಳ್ಳುತ್ತದೆ. ತಮಟೆ ಕಾಯಿಸಬೇಕು. ಬಿಸಿಲೆ ಘಾಟಿಯ ಕಡೆಯಿಂದ ಮಂಜು ಏರಿ ಬಂದರೆ ಚರ್ಮ ತೇವ ಹೀರಿ ಸಡಿಲಾಗುತ್ತದೆ, ದನಿ ಬಿದ್ದುಹೋಗುತ್ತದೆ. ಬಾರಿಸುವವನು ಬಳೆಯನ್ನು ಉರಿಯ ಮುಂದೆ ತಿರುಗಿಸುತ್ತಾ, ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾನೆ. ಕಡಿಮೆ ಕಾಯಿಸಿದರೆ ದಬದಬ, ಹೆಚ್ಚಾದರೆ ಚರ್ಮ ಸೀಳುತ್ತದೆ. ಟಣ್ ಎಂದಾಗ ಹೆಗಲಿಗೇರಿಸುತ್ತಾನೆ. ಒಂದು ಕೈಯಲ್ಲಿ ಗಿಡ್ಡ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ದಪ್ಪ ಕೋಲು ಏಟು ಹಾಕುತ್ತದೆ, ತೆಳು ಕಡ್ಡಿ ಆ ಏಟುಗಳ ನಡುವೆ ಚರಚರ ಓಡುತ್ತದೆ.

ಮೊದಲ ಏಟು ಎದೆಗೇ ಬಂದು ತಾಗುತ್ತದೆ. ಎದುರಿನ ಗುಡ್ಡ 170 ಮೀಟರು ದೂರದಲ್ಲಿದ್ದರೆ ಆ ಏಟು ಸುಮಾರು ಒಂದು ಸೆಕೆಂಡಿಗೆ ಮರಳಿ ಬರುತ್ತದೆ. ಬಾರಿಸುವವರು ಎಷ್ಟು ಜನವೋ, ಗುಡ್ಡವೂ ಅವರೊಂದಿಗೆ ಒಬ್ಬ.

ಈಗ ಎಲ್ಲರ ಕೈಯಲ್ಲೂ ಮೊಬೈಲು. ಆದರೆ ಅದರಲ್ಲಿ ಹಿಡಿದದ್ದನ್ನು ಮನೆಗೆ ಹೋಗಿ ಕೇಳಿದರೆ ತಮಟೆ ತಗಡಿನ ಡಬ್ಬಿಯಂತೆ ಕೇಳಿಸುತ್ತದೆ. ಜೋರು ಸದ್ದು ಬಂದ ಕೂಡಲೇ ಮೊಬೈಲು ತಾನಾಗಿಯೇ ದನಿ ತಗ್ಗಿಸುತ್ತದೆ, ಏಟು ನಿಂತ ಕೂಡಲೇ ಏರಿಸುತ್ತದೆ. ಪೆಟ್ಟಿಗೂ ಪಕ್ಕದವರ ಪಿಸುಮಾತಿಗೂ ಒಂದೇ ಎತ್ತರ. ಗುಡ್ಡದ ದನಿಯಂತೂ ಅದರಲ್ಲಿ ಇರುವುದೇ ಇಲ್ಲ.

ಗದ್ದಲವನ್ನು ಗದ್ದಲವಾಗಿಯೇ ಉಳಿಸಿಕೊಳ್ಳುವ ವಿದ್ಯೆಯನ್ನು ನಾಯ್ಸ್ ರಾಕ್ ಸಂಗೀತಗಾರರಿಂದ ಕಲಿಯಬೇಕು. ಗಿಟಾರಿನ ಕಿರುಚನ್ನೂ ಡ್ರಮ್ಮಿನ ಹೊಡೆತವನ್ನೂ ನಯಮಾಡಲು ಒಪ್ಪದ ಸಂಗೀತ ಅದು. ಆ ಬಳಗದ ದೊಡ್ಡ ಹೆಸರು ಶಿಕಾಗೊದ ಗಿಟಾರ್ ವಾದಕ, ಧ್ವನಿಮುದ್ರಣಕಾರ ಸ್ಟೀವ್ ಆಲ್ಬಿನಿ. ಅಲ್ಯುಮಿನಿಯಂ ಕತ್ತಿನ ಟ್ರಾವಿಸ್ ಬೀನ್ ಗಿಟಾರನ್ನು ಪಟ್ಟಿಯಿಂದ ಸೊಂಟಕ್ಕೆ ಬಿಗಿದು ನುಡಿಸುತ್ತಿದ್ದವರು. 2024ರ ಮೇ 7ರಂದು ತೀರಿಕೊಂಡರು. 1993ರ ಫೆಬ್ರವರಿಯಲ್ಲಿ ನಿರ್ವಾಣ ರಾಕ್ ತಂಡದ ‘ಇನ್ ಯೂಟೆರೊ’ ಆಲ್ಬಮ್ ಮುದ್ರಿಸುವಾಗ ಅವರು ಡ್ರಮ್ಮಿನ ಬಾಯಿಗೆ ಮಾತ್ರವಲ್ಲ, ಕೋಣೆಯ ತುಂಬ ಮೈಕು ಹರಡಿದರು. ಹತ್ತಿರದ ಮೈಕಿಗೆ ಏಟು ಸಿಗುತ್ತದೆ, ದೂರದ್ದಕ್ಕೆ ಜಾಗ ಸಿಗುತ್ತದೆ. ಏಳು ಮೀಟರು ಹಿಂದಿಟ್ಟ ಮೈಕಿಗೆ ಸದ್ದು ಸುಮಾರು 20 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಕಿವಿ ಕೋಣೆಯ ಅಗಲವನ್ನು ಅಳೆಯುವುದು ಆ ತಡದಿಂದಲೇ. 1997ರಲ್ಲಿ ಶುರುವಾದ ಅವರ ಸ್ಟುಡಿಯೋ ಎಲೆಕ್ಟ್ರಿಕಲ್ ಆಡಿಯೊದ ಗೋಡೆಗಳಿಗೆ ಬಳಸಿದ್ದು ಸುಡದ ಮಣ್ಣಿನ ಇಟ್ಟಿಗೆ.

ಹೆತ್ತೂರಿನ ಬಯಲಿಗೆ ಅಷ್ಟೊಂದು ಸರಂಜಾಮು ಬೇಡ. ತಮಟೆಯಿಂದ ಒಂದು ಮೊಳ ದೂರಕ್ಕೆ ಶ್ಯೂರ್ ಎಸ್‌ಎಂ 57 ಸಾಕು. 1965ರಿಂದ ಇರುವ ಈ ಮೈಕು ಎಂಥ ಪೆಟ್ಟಿಗೂ ಜಗ್ಗದು. ಇನ್ನೊಂದನ್ನು ಬಯಲಿನ ಆಚೆ ಅಂಚಿನಲ್ಲಿ ಗುಡ್ಡಕ್ಕೆ ಮುಖಮಾಡಿ ನಿಲ್ಲಿಸಬೇಕು. ಕಂಡೆನ್ಸರ್ ಮೈಕಾದರೆ ಮಂಜಿನಿಂದ ಜೋಪಾನ ಮಾಡಬೇಕು, ಒಳಗೆ ತೇವ ಹೊಕ್ಕರೆ ಚಟಪಟ ಶುರು. ರೆಕಾರ್ಡರಿನ ದನಿಮಟ್ಟವನ್ನು ಕೈಯಿಂದಲೇ ತಗ್ಗಿಸಿಟ್ಟು, ಆಮೇಲೆ ಮುಟ್ಟಬಾರದು.

ಆಲ್ಬಿನಿಯಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ, ನನಗೆ ಅದೇ ಮುಖ್ಯ. ಅವರ ತಂಡ ಬಿಗ್ ಬ್ಲ್ಯಾಕ್‌ನಲ್ಲಿ ಡ್ರಮ್ಮರ್ ಇರಲಿಲ್ಲ, ತಾಳ ಹಾಕುತ್ತಿದ್ದುದು ಒಂದು ಯಂತ್ರ. ಆ ಯಂತ್ರಕ್ಕೂ ಕಲಾವಿದರ ಸಾಲಿನಲ್ಲಿ ‘ರೋಲೆಂಡ್’ ಎಂದು ಹೆಸರು ಹಾಕಿದರು. ನಮ್ಮಲ್ಲಿ ತಮಟೆ ಬಾರಿಸುವವರು ಬಹುಪಾಲು ದಲಿತರು. ಅವರ ಹೆಸರು ಎಷ್ಟು ಹಬ್ಬದ ಕರಪತ್ರಗಳಲ್ಲಿ ಅಚ್ಚಾಗಿದೆ? ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂದದ್ದು 2023ರಲ್ಲಿ. ಬೆಂಕಿಯ ಮುಂದೆ ಕೂತು ದನಿ ಹದಮಾಡುವ ಕಿವಿ ಯಾವ ಸ್ಟುಡಿಯೋ ಕಿವಿಗೂ ಕಡಿಮೆಯದಲ್ಲ.

ಮುಂದಿನ ಸುಗ್ಗಿಗೆ ಹೆತ್ತೂರು ಕಡೆ ಹೋಗುವವರಲ್ಲಿ ಒಂದು ವಿನಂತಿ. ಬಾರಿಸುವವರನ್ನು ಕೇಳಿ, ಒಪ್ಪಿಗೆ ಪಡೆದು ಮುದ್ರಿಸಿ. ಆಮೇಲೆ ಕೀಬೋರ್ಡು ಬೆರೆಸಬೇಡಿ. ಮೊದಲ ಏಟಿಗೂ ಮುಂಚೆ ಅವರ ಹೆಸರು, ಊರು, ದಿನಾಂಕಗಳನ್ನು ಅವರ ದನಿಯಲ್ಲೇ ಹೇಳಿಸಿ, ಮುದ್ರಣದ ಒಂದು ಪ್ರತಿಯನ್ನು ಅವರಿಗೂ ಕೊಡಿ.