ಬಿಸಿಲಿಗೊಂದು ಲೆಕ್ಕ, ಜ್ವರಕ್ಕೊಂದು ಲೆಕ್ಕ

ನಮ್ಮ ಮನೆಗಳಲ್ಲಿ ಒಂದು ವಿಚಿತ್ರವಿದೆ, ಗಮನಿಸಿದ್ದೀರಾ ಮಕ್ಕಳೇ? ರಾಯಚೂರಿನಲ್ಲಿ 42 ಡಿಗ್ರಿ ಬಿಸಿಲು ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಅದು ಸೆಲ್ಸಿಯಸ್. ಪುಟ್ಟನಿಗೆ 102 ಜ್ವರ ಎಂದು ಅಮ್ಮ ಹೇಳುತ್ತಾಳೆ. ಅದು ಫ್ಯಾರನ್‌ಹೀಟ್. ಒಂದೇ ಸೂರಿನಡಿ ಎರಡೂ ಜಗಳವಿಲ್ಲದೆ ಬಾಳುತ್ತಿವೆ.

ಎದುರುಬದುರಾದಾಗಲೇ ತೊಂದರೆ. ಜರ್ಮನಿಯಲ್ಲಿರುವ ಮಗಳು ಒಂದು ರಾತ್ರಿ ಫೋನ್ ಮಾಡಿ, "ಅಪ್ಪಾ, ಮಗೂಗೆ ಮೂವತ್ತೊಂಬತ್ತು ತೋರಿಸ್ತಿದೆ" ಎಂದಳು. "ಬರೀ ಮೂವತ್ತೊಂಬತ್ತಾ? ಮೈಯೆಲ್ಲಾ ತಣ್ಣಗಾಗಿದೆಯೇನೇ?" ಎಂದು ನನ್ನವಳಿಗೆ ಗಾಬರಿ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, "102.2" ಎಂದೆ. ಗಾಬರಿ ಹೋಗಲಿಲ್ಲ, ಆದರೆ "ಮೊದಲು ಡಾಕ್ಟರಿಗೆ ಫೋನ್ ಮಾಡು" ಎಂಬ ಸರಿಯಾದ ಮಾತು ಬಂತು.

ಆ ಲೆಕ್ಕ ಇಷ್ಟೇ. 39ನ್ನು ಇಮ್ಮಡಿ ಮಾಡಿ, 78. ಅದರ ಹತ್ತನೇ ಒಂದು ಪಾಲು 7.8 ಕಳೆಯಿರಿ, 70.2. ಅದಕ್ಕೆ 32 ಕೂಡಿಸಿ, 102.2. ಇದು ಅಂದಾಜಲ್ಲ, ಕರಾರುವಾಕ್ಕು. ಬಟ್ಟೆ ಅಂಗಡಿಯಲ್ಲಿ ಶೇಕಡಾ 10 ರಿಯಾಯಿತಿ ಲೆಕ್ಕ ಹಾಕಬಲ್ಲವರಿಗೆ ಕಷ್ಟವೇ ಇಲ್ಲ. ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಬರಲು 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ. 104 ಜ್ವರವೆಂದರೆ 40.

ಯಾಕೆ ಹೀಗೆ? ನೀರು ಹೆಪ್ಪುಗಟ್ಟುವುದಕ್ಕೂ ಕುದಿಯುವುದಕ್ಕೂ ನಡುವೆ ಸೆಲ್ಸಿಯಸ್‌ನಲ್ಲಿ 100 ಮೆಟ್ಟಿಲು. ಫ್ಯಾರನ್‌ಹೀಟ್‌ನಲ್ಲಿ 32ರಿಂದ 212ರವರೆಗೆ, ಅಂದರೆ 180 ಮೆಟ್ಟಿಲು. ಹಾಗಾಗಿ ಸೆಲ್ಸಿಯಸ್ಸಿನ ಒಂದು ಮೆಟ್ಟಿಲು ಅಲ್ಲಿ 1.8. ಎರಡರಲ್ಲಿ ಅದರ ಹತ್ತನೇ ಒಂದು ಪಾಲು ಕಳೆದರೆ ಅದೇ ತಾನೇ? ಇನ್ನು 32 ಎಂಬುದು, ನಮ್ಮ ಬ್ಯಾಂಕಿನ ಭಾಷೆಯಲ್ಲಿ, ಆರಂಭ ಶಿಲ್ಕು.

ಇಲ್ಲೊಂದು ಎಚ್ಚರಿಕೆ. "ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಇಳಿದಿದೆ" ಎಂದರೆ ಫ್ಯಾರನ್‌ಹೀಟ್‌ನಲ್ಲಿ 1.8 ಇಳಿದಿದೆ ಎಂದರ್ಥ. ಅಲ್ಲಿ 32 ಕೂಡಿಸಬಾರದು. ದಿನದ ಜಮಾ ಖರ್ಚಿನಲ್ಲಿ ಆರಂಭ ಶಿಲ್ಕನ್ನು ಯಾರಾದರೂ ಸೇರಿಸುತ್ತಾರೆಯೇ?

ಸ್ವೀಡನ್ನಿನ ಖಗೋಳವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆ ಸೂಚಿಸಿದಾಗ ನೀರು ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಎಂದಿದ್ದ! ಆಮೇಲೆ ಅದನ್ನು ತಿರುಗಿಸಿದರು. ಹಾಗೇ ಬಿಟ್ಟಿದ್ದರೆ ಜ್ವರ ಏರಿದಂತೆ ಅಂಕೆ ಇಳಿಯುತ್ತಿತ್ತು. ನನ್ನವಳ ಗತಿ ಏನಾಗುತ್ತಿತ್ತೋ!

ಎರಡೂ ಅಳತೆಗಳಲ್ಲಿ ಒಂದೇ ಅಂಕೆ ಬರುವ ಜಾಗ ಒಂದೇ ಒಂದಿದೆ, ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಇಮ್ಮಡಿ ಮಾಡಿ, ಹತ್ತನೇ ಪಾಲು ಕಳೆದು, 32 ಕೂಡಿಸಿ. ಋಣ ಚಿಹ್ನೆ ಮಾತ್ರ ಜೋಪಾನ.