ಬೀದಿಗೂ ಸೈ, ಡ್ರ್ಯಾಗ್ ಪಟ್ಟಿಗೂ ಸೈ: ಅಮೆರಿಕದ ಮಸಲ್ ಕಾರುಗಳ ಸಸ್ಪೆನ್ಷನ್ ಸುಧಾರಣೆ ಹಾಗೂ ಬಿಡಿಭಾಗಗಳ ವಹಿವಾಟು

ಅಮೆರಿಕದ ‘ಹಾಟ್ ರಾಡ್’ ಪತ್ರಿಕೆಯು 2005ರಲ್ಲಿ ‘ಡ್ರ್ಯಾಗ್ ವೀಕ್’ ಎಂಬ ಸ್ಪರ್ಧೆಯನ್ನು ಆರಂಭಿಸಿತು. ಸ್ಪರ್ಧಿಯು ಐದು ದಿನಗಳಲ್ಲಿ ಬೇರೆ ಬೇರೆ ಊರುಗಳ ಡ್ರ್ಯಾಗ್ ಪಟ್ಟಿಗಳಲ್ಲಿ ಓಡಬೇಕು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಅದೇ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಿಕೊಂಡು ಹೋಗಬೇಕು. ಒಟ್ಟು ದಾರಿ ಸುಮಾರು 1,000 ಮೈಲಿ. ಹಿಂದೆ ಬರುವ ಸಹಾಯಕ ವಾಹನಕ್ಕೆ ಅವಕಾಶವಿಲ್ಲ. ಬೇಕಾದ ಬಿಡಿಭಾಗಗಳನ್ನೂ ಉಪಕರಣಗಳನ್ನೂ ಕಾರಿನಲ್ಲಿಯೋ ಅದಕ್ಕೆ ಕಟ್ಟಿದ ಸಣ್ಣ ಟ್ರೇಲರಿನಲ್ಲಿಯೋ ಒಯ್ಯಬೇಕು. ಕಾಲು ಮೈಲಿ, ಅಂದರೆ 402 ಮೀಟರ್ ನೇರ ಓಟಕ್ಕೆಂದೇ ಸಜ್ಜುಗೊಳಿಸಿದ ಕಾರು ಹೆದ್ದಾರಿಯ ತಿರುವಿನಲ್ಲಿ ಅಂಕೆಗೆ ಸಿಗುವುದು ಕಷ್ಟ. ತಿರುವಿಗೆಂದು ಬಿಗಿಗೊಳಿಸಿದ ಕಾರು ಪಟ್ಟಿಯ ಆರಂಭದ ಗೆರೆಯಲ್ಲಿ ಚಕ್ರ ಸುತ್ತುತ್ತಾ ನಿಂತುಬಿಡುತ್ತದೆ. ಈ ಎರಡು ವಿರುದ್ಧ ಬೇಡಿಕೆಗಳನ್ನು ಒಂದೇ ಕಾರಿನಲ್ಲಿ ಹೊಂದಿಸಿಕೊಡುವುದೇ ಅಮೆರಿಕದ ನೂರಾರು ಸಣ್ಣ ತಯಾರಕರಿಗೆ ಜೀವನೋಪಾಯವಾಗಿದೆ.

ಮಧ್ಯಮ ಗಾತ್ರದ ಅಗ್ಗದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂಡಿಸಿ ಮಾರುವ ಪದ್ಧತಿಗೆ 1964ರ ಪಾಂಟಿಯಾಕ್ ಜಿಟಿಒ ನಾಂದಿ ಹಾಡಿತೆಂಬುದು ಸಾಮಾನ್ಯ ಅಭಿಪ್ರಾಯ. ಹೀಗೆ ಹುಟ್ಟಿದ ವರ್ಗವೇ ಮಸಲ್ ಕಾರು. 1970ರ ಷೆವರ್ಲೆ ಷೆವೆಲ್ ಎಸ್‌ಎಸ್ ಕಾರಿನ 454 ಘನ ಇಂಚಿನ ಎಲ್‌ಎಸ್6 ಎಂಜಿನ್ನಿಗೆ ಕಂಪನಿಯು ಘೋಷಿಸಿದ ಶಕ್ತಿ 450 ಅಶ್ವಶಕ್ತಿ. ಅದು ಅಂದಿನ ಸ್ಥೂಲ ಅಳತೆಯಾದ್ದರಿಂದ ಇಂದಿನ ಅಂಕಿಗಳೊಡನೆ ನೇರವಾಗಿ ಹೋಲಿಸಲಾಗದು. ವಿಮೆಯ ದುಬಾರಿ ಕಂತು, ಹೊಗೆ ನಿಯಂತ್ರಣದ ಕಾನೂನು ಮತ್ತು 1973ರ ತೈಲ ಬಿಕ್ಕಟ್ಟು ಸೇರಿ ಈ ವರ್ಗವನ್ನು ಮಾರುಕಟ್ಟೆಯಿಂದ ಹೊರದೂಡಿದವು. ಕಾರುಗಳು ಉಳಿದವು, ಅವುಗಳ ದೋಷಗಳೂ ಉಳಿದವು.

ಕಾರ್ಖಾನೆ ಬಿಟ್ಟುಕೊಟ್ಟ ಕೊರತೆ

ಷೆವೆಲ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1964ರಿಂದ 1972ರವರೆಗಿನ ಈ ಕಾರುಗಳಲ್ಲಿ ಹಿಂಬದಿಯ ಇಡಿಯಾದ ಆಕ್ಸಲನ್ನು ನಾಲ್ಕು ಉಕ್ಕಿನ ತೋಳುಗಳು ಹಿಡಿದಿರುತ್ತವೆ. ಕೆಳಗಿನ ಎರಡು ತೋಳುಗಳು ಹೆಚ್ಚು ಕಡಿಮೆ ನೇರವಾಗಿಯೂ ಮೇಲಿನ ಎರಡು ಓರೆಯಾಗಿಯೂ ಇದ್ದು, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಆ ಓರೆ ತೋಳುಗಳೇ ತಡೆಯುತ್ತವೆ. ತೋಳುಗಳು ತಗಡನ್ನು ಒತ್ತಿ ಮಡಿಸಿದ, ಒಂದು ಬದಿ ತೆರೆದಿರುವ ದೋಣಿಯಾಕಾರದವು. ತುದಿಗಳಲ್ಲಿ ರಬ್ಬರ್ ಬುಷ್‌ಗಳು. ಸಾಧಾರಣ ಕುಟುಂಬದ ಕಾರಿಗೆ ಇದು ಸಾಕಾಗಿತ್ತು. ಎಲ್‌ಎಸ್6 ಎಂಜಿನ್ನಿನ ಘೋಷಿತ ತಿರುಚುಬಲ 500 ಪೌಂಡ್-ಅಡಿ, ಅಂದರೆ ಸುಮಾರು 678 ನ್ಯೂಟನ್-ಮೀಟರ್. 2.48 ಅನುಪಾತದ ಮೊದಲ ಗೇರು, 3.31 ಅನುಪಾತದ ಆಕ್ಸಲ್ ಗೇರು ಇವುಗಳ ಮೂಲಕ ಹಾದು ಚಕ್ರಕ್ಕೆ ತಲುಪುವಾಗ ಅದು 5,500 ನ್ಯೂಟನ್-ಮೀಟರ್ ದಾಟುತ್ತದೆ. ಚಕ್ರವು ಮುಂದಕ್ಕೆ ತಿರುಗುವಾಗ ಆಕ್ಸಲಿನ ಕವಚವು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯಬೇಕಾದುದು ಆ ನಾಲ್ಕು ತಗಡಿನ ತೋಳುಗಳೇ. ಅವು ತಿರುಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ಮರಳುವಾಗ ಚಕ್ರವು ನೆಲದ ಮೇಲೆ ಕುಪ್ಪಳಿಸುತ್ತದೆ. ಆಗ ಹಿಡಿತ ತಪ್ಪುತ್ತದೆ, ಕೆಲವೊಮ್ಮೆ ಆಕ್ಸಲ್ ಶಾಫ್ಟೇ ತುಂಡಾಗುತ್ತದೆ.

ಕಂಪನಿಗೆ ಇದು ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ‘ಎಫ್41’ ಎಂಬ ಆಯ್ಕೆಯಲ್ಲಿ ಕೆಳಗಿನ ತೋಳುಗಳ ತೆರೆದ ಬದಿಯನ್ನು ಮುಚ್ಚಿ ಪೆಟ್ಟಿಗೆಯಾಕಾರ ಮಾಡಿ, ಹಿಂಬದಿಗೆ ಆಂಟಿ ರೋಲ್ ಬಾರ್ ಕೂಡಿಸಿ ಕೊಡಲಾಗುತ್ತಿತ್ತು. ಕ್ಯಾಮರೊ ಕಾರಿನ ಕಥೆಯೂ ಇದೇ ಬಗೆಯದು. 1967ರ ಮೊದಲ ಮಾದರಿಯಲ್ಲಿ ಹಿಂಬದಿಗೆ ಒಂದೇ ಪಟ್ಟಿಯ ಲೀಫ್ ಸ್ಪ್ರಿಂಗ್ ಇತ್ತು. ಎರಡೂ ಶಾಕ್ ಅಬ್ಸಾರ್ಬರ್‌ಗಳು ಆಕ್ಸಲಿನ ಮುಂಭಾಗದಲ್ಲಿಯೇ ಇದ್ದವು. ಕುಪ್ಪಳಿಸುವಿಕೆಯ ದೂರು ಹೆಚ್ಚಿದಾಗ 1968ರಲ್ಲಿ ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಜೋಡಿಸಲಾಯಿತು. ಹೆಚ್ಚು ಶಕ್ತಿಯ ಮಾದರಿಗಳಿಗೆ ಹಲವು ಪಟ್ಟಿಗಳ ಸ್ಪ್ರಿಂಗ್ ಬಂತು. ಕ್ರೈಸ್ಲರ್ ಕಂಪನಿಯಂತೂ ಸ್ಪರ್ಧೆಗೆಂದು ಎಡಕ್ಕೂ ಬಲಕ್ಕೂ ಬೇರೆ ಬೇರೆ ಬಿಗಿಯ ‘ಸೂಪರ್ ಸ್ಟಾಕ್’ ಲೀಫ್ ಸ್ಪ್ರಿಂಗ್‌ಗಳನ್ನೇ ಮಾರಿತು.

ಭಾರ ಎಲ್ಲಿಗೆ ಹೋಗುತ್ತದೆ?

ಸಸ್ಪೆನ್ಷನ್ ಕೊಳ್ಳುವವರಲ್ಲಿಯೂ ಮಾರುವವರಲ್ಲಿಯೂ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ವಿವರಿಸುವುದು ಅಗತ್ಯ. ಮುಂಭಾಗ ಎಷ್ಟು ಎದ್ದರೆ ಅಷ್ಟು ಭಾರ ಹಿಂದಿನ ಚಕ್ರಕ್ಕೆ ಸಾಗುತ್ತದೆ, ಆದ್ದರಿಂದ ಸ್ಪ್ರಿಂಗ್ ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬುದು ಆ ಕಲ್ಪನೆ. ವಾಸ್ತವದಲ್ಲಿ ವರ್ಗವಾಗುವ ಭಾರವನ್ನು ನಿರ್ಧರಿಸುವುದು ಕಾರಿನ ತೂಕ, ವೇಗೋತ್ಕರ್ಷ, ಗುರುತ್ವ ಕೇಂದ್ರದ ಎತ್ತರ ಮತ್ತು ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ. 1968ರ ಬಳಿಕದ ಎರಡು ಬಾಗಿಲಿನ ಷೆವೆಲ್ ಕಾರಿನಲ್ಲಿ ಈ ಅಂತರ 112 ಇಂಚು, ಅಂದರೆ 2.845 ಮೀಟರ್. ತೂಕ 1,700 ಕಿ.ಗ್ರಾಂ., ಗುರುತ್ವ ಕೇಂದ್ರದ ಎತ್ತರ 0.55 ಮೀಟರ್, ವೇಗೋತ್ಕರ್ಷ ಗುರುತ್ವದ 0.8 ಪಾಲು ಎಂದಿಟ್ಟುಕೊಂಡರೆ ಸುಮಾರು 263 ಕಿ.ಗ್ರಾಂ. ಭಾರ ಹಿಂದಕ್ಕೆ ಸಾಗುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಬಿಗಿಯ ಪ್ರಸ್ತಾಪವೇ ಇಲ್ಲ. ಮುಂಭಾಗ ಏಳುವುದರಿಂದ ಗುರುತ್ವ ಕೇಂದ್ರ ಅಲ್ಪ ಸ್ವಲ್ಪ ಮೇಲೇರಬಹುದು, ಅಷ್ಟೇ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳು ನಿಯಂತ್ರಿಸುವುದು ಆ ಭಾರ ಎಷ್ಟು ಬೇಗ, ಎಷ್ಟು ನಯವಾಗಿ ಟೈರಿಗೆ ತಲುಪುತ್ತದೆ ಎಂಬುದನ್ನು. ಇದನ್ನರಿತ ಖರೀದಿದಾರನು ಬೀದಿಗೆ ತಕ್ಕ ಬಿಗಿ ಸ್ಪ್ರಿಂಗನ್ನು ಧೈರ್ಯದಿಂದ ಹಾಕಿಸಿಕೊಂಡು, ಉಳಿದ ಕೆಲಸವನ್ನು ಶಾಕ್ ಅಬ್ಸಾರ್ಬರಿಗೆ ಒಪ್ಪಿಸುತ್ತಾನೆ.

ಆಂಟಿ ರೋಲ್ ಬಾರಿನ ವಿಷಯವೂ ಹಾಗೆಯೇ. ಪಟ್ಟಿಗೆ ಹೋಗುವ ಮುನ್ನ ಮುಂಭಾಗದ ಬಾರನ್ನು ಕಳಚುವ ರೂಢಿಯಿದೆ. ಎರಡೂ ಮುಂದಿನ ಚಕ್ರಗಳು ಸಮನಾಗಿ ಕೆಳಗಿಳಿದಾಗ ಬಾರು ಯಾವ ಪ್ರತಿರೋಧವನ್ನೂ ಒಡ್ಡುವುದಿಲ್ಲ. ಕಳಚುವುದರಿಂದ ಸಿಗುವ ಲಾಭ ತುಸು ತೂಕ ಮತ್ತು ಬುಷ್‌ಗಳ ಘರ್ಷಣೆ ಮಾತ್ರ. ಹಿಂಬದಿಯ ಬಾರಿನ ಪ್ರಯೋಜನವಾದರೋ ಹೆಚ್ಚು. ಪ್ರೊಪೆಲರ್ ಶಾಫ್ಟಿನ ತಿರುಚುಬಲವು ಆಕ್ಸಲಿನ ಬಲ ತುದಿಯನ್ನು ಎತ್ತಿ ಎಡ ತುದಿಯನ್ನು ನೆಲಕ್ಕೆ ಒತ್ತುತ್ತದೆ. ಬಲ ಚಕ್ರ ಹಗುರಾಗಿ ಸುತ್ತತೊಡಗುತ್ತದೆ. ಹಿಂದೆ ಬಲಗಡೆಯ ಕಾಯಿಲ್ ಸ್ಪ್ರಿಂಗಿನೊಳಗೆ ಗಾಳಿಚೀಲವಿಟ್ಟು ಇದನ್ನು ಸರಿದೂಗಿಸುತ್ತಿದ್ದರು. ಅಗ್ಗದ ಉಪಾಯವೇನೋ ಹೌದು. ಆದರೆ ಗಾಳಿ ಇಳಿಸಲು ಮರೆತು ರಸ್ತೆಗೆ ಬಂದರೆ ಕಾರು ಒಂದು ಕಡೆಯ ತಿರುವಿನಲ್ಲಿ ಒಂದು ರೀತಿ, ಇನ್ನೊಂದು ಕಡೆಯ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತದೆ. ದೇಹಕ್ಕೂ ಆಕ್ಸಲಿಗೂ ಬಿಗಿಯಾಗಿ ಜೋಡಿಸಿದ ಬಾರು ಈ ತೊಂದರೆಯಿಲ್ಲದೆ ಎರಡೂ ಕೆಲಸಕ್ಕೆ ಒದಗುತ್ತದೆ.

ತೋಳು, ಬುಷ್ ಮತ್ತು ಕೋನ

ಹಿಂಬದಿಯ ಮೇಲಿನ ಮತ್ತು ಕೆಳಗಿನ ತೋಳುಗಳ ಗೆರೆಗಳನ್ನು ಮುಂದಕ್ಕೆ ಎಳೆದರೆ ಅವು ಒಂದು ಬಿಂದುವಿನಲ್ಲಿ ಕೂಡುತ್ತವೆ. ಟೈರಿನ ನೂಕುಬಲವು ಆ ಬಿಂದುವಿನ ಮೂಲಕವೇ ಕಾರಿನ ದೇಹವನ್ನು ತಲುಪುತ್ತದೆ ಎಂದು ಭಾವಿಸಬಹುದು. ಬಿಂದು ಹಿಂದಕ್ಕೂ ಮೇಲಕ್ಕೂ ಸರಿದಷ್ಟು ದೇಹದ ಹಿಂಭಾಗ ಮೇಲೇಳುತ್ತದೆ, ಅದಕ್ಕೆ ಪ್ರತಿಯಾಗಿ ಟೈರು ನೆಲಕ್ಕೆ ಒತ್ತಲ್ಪಡುತ್ತದೆ. ಇದನ್ನು ಸಾಧಿಸಲು ಮೇಲಿನ ತೋಳಿನ ಹಿಂದುತುದಿಯನ್ನು ಎತ್ತರಿಸುವ ಅಥವಾ ಕೆಳಗಿನ ತೋಳಿನ ಹಿಂದುತುದಿಯನ್ನು ತಗ್ಗಿಸುವ ಬ್ರ್ಯಾಕೆಟ್‌ಗಳು ಮಾರಾಟಕ್ಕಿವೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಮಾರ್ಪಾಡು ಇದು. ಅತಿಯಾದರೆ ಅಪಾಯ ತರುವುದೂ ಇದೇ. ವೇಗೋತ್ಕರ್ಷದಲ್ಲಿ ಟೈರನ್ನು ಒತ್ತುವ ಅದೇ ಜ್ಯಾಮಿತಿಯು ಬ್ರೇಕ್ ಹಾಕಿದಾಗ ತಿರುವುಮುರುವಾಗಿ ಕೆಲಸ ಮಾಡಿ ಹಿಂದಿನ ಚಕ್ರವನ್ನು ಕುಪ್ಪಳಿಸುವಂತೆ ಮಾಡುತ್ತದೆ. ಕೆಳಗಿನ ತೋಳಿನ ಹಿಂದುತುದಿ ಬಹಳ ತಗ್ಗಿದರೆ, ತಿರುವಿನಲ್ಲಿ ದೇಹ ವಾಲಿದಾಗ ಹೊರಬದಿಯ ಚಕ್ರ ಹಿಂದಕ್ಕೆ ಸರಿದು ಆಕ್ಸಲ್ ತಾನಾಗಿ ಹೊರಕ್ಕೆ ತಿರುಗುತ್ತದೆ. ಮಳೆಯ ದಿನ ಹೆದ್ದಾರಿಯಲ್ಲಿ ಇದು ಪ್ರಾಣಕ್ಕೇ ಎರವಾದೀತು. ಹಲವು ರಂಧ್ರಗಳುಳ್ಳ ಬ್ರ್ಯಾಕೆಟ್ ಕೊಂಡು, ಬೀದಿಯಲ್ಲಿ ಮೇಲಿನ ರಂಧ್ರವನ್ನೂ ಪಟ್ಟಿಯಲ್ಲಿ ಕೆಳಗಿನದನ್ನೂ ಬಳಸುವುದು ವಿವೇಕದ ಮಾರ್ಗ.

ಬುಷ್‌ಗಳ ಆಯ್ಕೆಯಲ್ಲಿ ವ್ಯಾಪಾರಿಗಳೇ ಗ್ರಾಹಕರನ್ನು ದಾರಿ ತಪ್ಪಿಸಿದ್ದುಂಟು. ರಬ್ಬರ್ ಮೆದು, ಪಾಲಿಯುರಿಥೇನ್ ಗಟ್ಟಿ. ಆದ್ದರಿಂದ ಎಲ್ಲೆಡೆ ಪಾಲಿಯುರಿಥೇನ್ ಹಾಕಿಸಿ ಎಂಬ ಸಲಹೆ ಬಹುಕಾಲ ಚಾಲ್ತಿಯಲ್ಲಿತ್ತು. ಷೆವೆಲ್ ಕಾರಿನ ಮೇಲಿನ ಓರೆ ತೋಳುಗಳು ಮೇಲೆ ಕೆಳಗೆ ಆಡುವುದರ ಜೊತೆಗೆ ತಿರುಚಿಕೊಳ್ಳಲೂ ಬೇಕು. ರಬ್ಬರ್ ಅದಕ್ಕೆ ಅವಕಾಶ ಕೊಡುತ್ತದೆ, ಪಾಲಿಯುರಿಥೇನ್ ಕೊಡುವುದಿಲ್ಲ. ಕಾರು ವಾಲಿದಾಗ ನಾಲ್ಕೂ ತೋಳುಗಳು ಒಂದಕ್ಕೊಂದು ಬಿಗಿದುಕೊಂಡು ಹಿಂಬದಿಯು ಥಟ್ಟನೆ ಜಾರುತ್ತದೆ. ಎಲ್ಲ ದಿಕ್ಕಿಗೂ ಆಡುವ ಗೋಳಾಕಾರದ ಜಾಯಿಂಟ್‌ಗಳು ಇದಕ್ಕೆ ಸರಿಯಾದ ಪರಿಹಾರವಾದರೂ ಸದ್ದು ಹೆಚ್ಚು, ಧೂಳು ನೀರಿಗೆ ಸವೆತವೂ ಬೇಗ. ಒಂದು ತುದಿಗೆ ರಬ್ಬರ್, ಇನ್ನೊಂದಕ್ಕೆ ಗೋಳಾಕಾರದ ಜಾಯಿಂಟ್ ಇರುವ, ಕೊಳವೆಯಿಂದ ತಯಾರಿಸಿದ ತೋಳು ಎರಡೂ ಕಡೆಗೆ ಒಪ್ಪುವಂಥದು. ಉದ್ದವನ್ನು ಹೊಂದಿಸಬಲ್ಲ ಮೇಲಿನ ತೋಳಿದ್ದರೆ ಆಕ್ಸಲಿನ ಮೂತಿಯ ಕೋನವನ್ನೂ ಸರಿಪಡಿಸಿಕೊಳ್ಳಬಹುದು.

ಮುಂಭಾಗದ್ದು ಬೇರೆಯೇ ಸಮಸ್ಯೆ. ತಿರುವಿನಲ್ಲಿ ದೇಹ ವಾಲಿದಾಗ ಮೂಲ ಜ್ಯಾಮಿತಿಯು ಹೊರಬದಿಯ ಟೈರನ್ನು ಹೊರಕ್ಕೆ ಓರೆಯಾಗಿಸಿ ಅಂಚಿನ ಮೇಲೆ ನಿಲ್ಲಿಸುತ್ತದೆ. ಉದ್ದನೆಯ ಬಾಲ್ ಜಾಯಿಂಟ್ ಅಥವಾ ಎತ್ತರದ ಸ್ಪಿಂಡಲ್ ಹಾಕಿದರೆ ಈ ದೋಷ ಬಹುಪಾಲು ನಿವಾರಣೆಯಾಗುತ್ತದೆ. ಹಳೆಯ ಬಯಾಸ್ ಟೈರುಗಳಿಗೆಂದು ಶೂನ್ಯದ ಆಸುಪಾಸಿನಲ್ಲಿದ್ದ ಕ್ಯಾಸ್ಟರ್ ಕೋನವನ್ನು ರೇಡಿಯಲ್ ಟೈರಿಗೆ ತಕ್ಕಂತೆ ನಾಲ್ಕೈದು ಡಿಗ್ರಿಗೆ ಏರಿಸುವುದು ಬೀದಿಗೂ ಪಟ್ಟಿಗೂ ಸಮಾನವಾಗಿ ಲಾಭಕರ. ಫೋರ್ಡ್ ಮಸ್ಟ್ಯಾಂಗಿನಲ್ಲಿ ಮೇಲಿನ ತೋಳಿನ ಬುಡವನ್ನು ಸುಮಾರು ಒಂದು ಇಂಚು ತಗ್ಗಿಸುವ ಮಾರ್ಪಾಡನ್ನು ಫೋರ್ಡ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ರೂಪಿಸಿದರು. 1965ರ ಷೆಲ್ಬಿ ಜಿಟಿ350 ಅದನ್ನು ಬಳಸಿತು. ಬೇಕಾದುದು ಡ್ರಿಲ್ ಮತ್ತು ರಂಧ್ರ ಗುರುತಿಸುವ ಒಂದು ಅಚ್ಚು ಮಾತ್ರ!

ಎಲ್ಲಕ್ಕಿಂತ ದುಬಾರಿಯಾದುದು ಶಾಕ್ ಅಬ್ಸಾರ್ಬರ್. ಹಿಂದೆ ಡ್ರ್ಯಾಗ್ ಓಟಗಾರರು ‘90/10’ ಎಂಬ ಬಗೆಯನ್ನು ಮುಂಭಾಗಕ್ಕೆ ಹಾಕುತ್ತಿದ್ದರು: ಹಿಗ್ಗಲು ಸಲೀಸು, ಕುಗ್ಗಲು ಅತಿ ಬಿಗಿ. ಉಬ್ಬುತಗ್ಗಿನ ರಸ್ತೆಯಲ್ಲಿ ಇಂಥ ಕಾರು ದೋಣಿಯಂತೆ ತೇಲುತ್ತದೆ. ಹಿಗ್ಗುವಿಕೆಗೊಂದು, ಕುಗ್ಗುವಿಕೆಗೊಂದು ಗುಂಡಿಯಿರುವ ಇಂದಿನ ಮಾದರಿಯಲ್ಲಿ ಪಟ್ಟಿಯ ಬಾಗಿಲಿನಲ್ಲಿ ಮುಂಭಾಗದ ಹಿಗ್ಗುವಿಕೆಯನ್ನು ಸಡಿಲಿಸಿ, ಹೊರಡುವಾಗ ಮತ್ತೆ ಬಿಗಿಗೊಳಿಸಬಹುದು. ಎಷ್ಟು ಕ್ಲಿಕ್ ತಿರುಗಿಸಿದ್ದೆಂದು ಬರೆದಿಡದವನಿಗೆ ಈ ಹಣವೆಲ್ಲ ವ್ಯರ್ಥ.

ವಾಣಿಜ್ಯದ ಮುಖ

ಈ ಬಿಡಿಭಾಗಗಳ ತಯಾರಕರ ಸಂಘವಾದ ‘ಸೆಮಾ’ 1963ರಲ್ಲಿ ಸ್ಥಾಪನೆಯಾಯಿತು. ಅದರ ಮೊದಲ ಪ್ರದರ್ಶನ 1967ರಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ ಕ್ರೀಡಾಂಗಣದಲ್ಲಿ ನಡೆಯಿತು. 1977ರಿಂದ ಲಾಸ್ ವೇಗಸ್‌ನಲ್ಲಿ ನಡೆಯುತ್ತಿರುವ ಈ ಪ್ರದರ್ಶನ ಸಾರ್ವಜನಿಕರಿಗೆಂದು ಏರ್ಪಟ್ಟುದಲ್ಲ, ವ್ಯಾಪಾರಿಗಳಿಗೆಂದು ಏರ್ಪಟ್ಟುದು. ಎಂಜಿನ್ ಭಾಗಗಳಿಗೆ ಹೊಗೆ ನಿಯಂತ್ರಣದ ನಿಯಮಗಳು ಅಡ್ಡಬರುತ್ತವೆ. ಸಸ್ಪೆನ್ಷನ್ ತೋಳಿಗೆ ಆ ಕಟ್ಟಲೆಯಿಲ್ಲ. ಕೊಳವೆ ಬಗ್ಗಿಸುವ ಯಂತ್ರ, ಉತ್ತಮ ಜಿಗ್ ಮತ್ತು ನುರಿತ ವೆಲ್ಡರ್ ಇದ್ದ ಸಣ್ಣ ಕಾರ್ಯಾಗಾರವೂ ಈ ಕ್ಷೇತ್ರಕ್ಕೆ ಇಳಿಯಲು ಸಾಧ್ಯವಾದುದಕ್ಕೆ ಇದೊಂದು ಕಾರಣ. ಹೊಣೆಗಾರಿಕೆ ಮಾತ್ರ ಹಗುರವಲ್ಲ. ವೆಲ್ಡ್ ಬಿಟ್ಟು ತೋಳು ಕಳಚಿದರೆ ಅಮೆರಿಕದ ನ್ಯಾಯಾಲಯದಲ್ಲಿ ತಯಾರಕನು ಉತ್ತರಿಸಬೇಕು. ಆದ್ದರಿಂದ ಉತ್ಪನ್ನ ಹೊಣೆಗಾರಿಕೆಯ ವಿಮೆಯ ಕಂತನ್ನು ಬೆಲೆಯಲ್ಲಿ ಸೇರಿಸಿಯೇ ಲೆಕ್ಕ ಹಾಕಬೇಕಾಗುತ್ತದೆ.

ಭಾರತದಲ್ಲಿ ಇಂಥ ಆಂತರಿಕ ಮಾರುಕಟ್ಟೆಗೆ ಎಡೆ ಕಡಿಮೆ. ನೋಂದಣಿ ಪ್ರಮಾಣಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಹೊರದೇಶದ ಕಾರಿಗೆಂದು ಇಲ್ಲಿ ಭಾಗ ತಯಾರಿಸಿ ಕಳುಹಿಸುವುದಕ್ಕೆ ಈ ನಿರ್ಬಂಧ ಸಂಬಂಧಿಸಿದುದಲ್ಲ. ಅಂಥ ಕೆಲಸ ಹಿಡಿಯುವವರು ಭಾಗದ ಜೊತೆಗೆ ಹೋಗುವ ಸೂಚನಾ ಹಾಳೆಯನ್ನೂ ಭಾಗದಷ್ಟೇ ಎಚ್ಚರದಿಂದ ಸಿದ್ಧಪಡಿಸಬೇಕಾಗುತ್ತದೆ. ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಲಿಫ್ಟಿನ ಮೇಲೆ ತೂಗಾಡುತ್ತಿರುವಾಗಲೇ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರಗಳು ನೆಲದ ಮೇಲೆ ಪೂರ್ಣ ಭಾರ ಹೊತ್ತು ನಿಂತ ನಂತರವೇ ಕೊನೆಯ ಬಿಗಿತ ಕೊಡಬೇಕೆಂಬ ಆ ಒಂದು ಸಾಲನ್ನು ದಪ್ಪಕ್ಷರದಲ್ಲಿ ಹಾಳೆಯ ಮೇಲ್ಭಾಗದಲ್ಲಿಯೇ ಮುದ್ರಿಸುವುದು ಲೇಸು. ಇಲ್ಲವಾದರೆ ಹರಿದ ಬುಷ್ ತಯಾರಕನ ಖರ್ಚಿನಲ್ಲಿ ಹಿಂದಿರುಗಿ ಬರುತ್ತದೆ.